ಮತ ಅಷ್ಟೇ ಇದೆ, 38 ಸೀಟು ಎಲ್ಲಿ ಹೋಯ್ತು? (ಚರ್ಚೆ)

ತುಂಗಾತೀರ: ಕರ್ನಾಟಕ ವಿಧಾನಸಭೆ ಚುನಾವಣೆಯ ಲೆಕ್ಕ ನೋಡಿ. 2018ರಲ್ಲಿ ಬಿಜೆಪಿಗೆ ಶೇ 36.35 ಮತ, 104 ಸೀಟು. 2023ರಲ್ಲಿ ಶೇ 36 ಮತ, 66 ಸೀಟು. ಜನ ಪಕ್ಷವನ್ನು ಬಿಟ್ಟಿಲ್ಲ, ಸೀಟಿನ ಲೆಕ್ಕ ತಲೆಕೆಳಗಾಗಿದೆ ಅಷ್ಟೇ. 135 ಸೀಟು ಅಂತ ಕಾಂಗ್ರೆಸ್‌ನವರು ಬೀಗುವುದು ಬೇಡ. ಈಗಿನ ವಿಧಾನಸಭೆ ರಾಜ್ಯದ ಮನಸ್ಸನ್ನು ತೋರಿಸುವುದಿಲ್ಲ.

ಬೆಣ್ಣೆನಗರಿ: "ರಾಜ್ಯದ ಮನಸ್ಸು" 2008ರಲ್ಲಿ ಎಲ್ಲಿ ಹೋಗಿತ್ತು? ಕಾಂಗ್ರೆಸ್‌ಗೆ ಶೇ 34.76, ಬಿಜೆಪಿಗೆ ಶೇ 33.86. ಸೀಟು ನೋಡಿದರೆ ಬಿಜೆಪಿಗೆ 110, ಕಾಂಗ್ರೆಸ್‌ಗೆ 80. 2018ರಲ್ಲೂ ಅದೇ ಕತೆ. ಶೇ 38.14 ಮತ ತಗೊಂಡ ಕಾಂಗ್ರೆಸ್ 80ಕ್ಕೆ ನಿಂತಿತು. ಆಗ ನೀವ್ಯಾರೂ ಬಾಯಿ ಬಿಡಲಿಲ್ಲ.

ತುಂಗಾತೀರ: "ಬಾಯಿ ಬಿಡಲಿಲ್ಲ" ಅಂತ ಹೇಗೆ ಗೊತ್ತು? 2008ರಲ್ಲಿ ಅಂತರ ಶೇ 1 ಕೂಡ ಇರಲಿಲ್ಲ. ಅದನ್ನು ಇದಕ್ಕೆ ಹೋಲಿಸಬೇಡಿ.

ಕಬ್ಬಿನ ಗದ್ದೆ: ಇಬ್ಬರೂ ಜೆಡಿಎಸ್ ಅನ್ನು ಮರೆತಿದ್ದೀರಿ. ಅದರ ಮತ ಶೇ 18ರಿಂದ ಸುಮಾರು 13ಕ್ಕೆ ಇಳಿಯಿತು. ಸೀಟು 37ರಿಂದ 19. ಕಾಂಗ್ರೆಸ್ ಏರಿದ್ದೂ ಹೆಚ್ಚುಕಮ್ಮಿ ಅಷ್ಟೇ. ನಮ್ಮ ಮಂಡ್ಯ ಜಿಲ್ಲೆಯನ್ನೇ ನೋಡಿ. 2018ರಲ್ಲಿ ಏಳಕ್ಕೆ ಏಳೂ ಜೆಡಿಎಸ್. 2023ರಲ್ಲಿ ಉಳಿದದ್ದು ಕೆ.ಆರ್. ಪೇಟೆ ಒಂದೇ. ಐದು ಕಾಂಗ್ರೆಸ್‌ಗೆ, ಮೇಲುಕೋಟೆ ಸರ್ವೋದಯ ಕರ್ನಾಟಕ ಪಕ್ಷದ ದರ್ಶನ್ ಪುಟ್ಟಣ್ಣಯ್ಯ ಅವರಿಗೆ. ಬಿಜೆಪಿಗೆ ಹಳೇ ಮೈಸೂರಿನಲ್ಲಿ ಮತ ಜಾಸ್ತಿಯಾಯಿತು, ಸೀಟು ಬರಲಿಲ್ಲ. ಉತ್ತರದಲ್ಲಿ ಮತವೂ ಹೋಯಿತು, ಸೀಟೂ ಹೋಯಿತು. 38 ಸೀಟು ಹೋದದ್ದು ಹೀಗೆ.

ಕಲ್ಯಾಣದವಳು: ಪಕ್ಷಗಳ ಲೆಕ್ಕ ಆಯ್ತಾ? 2023ರಲ್ಲಿ 224ರಲ್ಲಿ ಗೆದ್ದ ಹೆಣ್ಣುಮಕ್ಕಳು 10. 1962ರಲ್ಲಿ ಸಭೆಯೇ 208 ಜನರದ್ದು, ಆಗ 18 ಮಂದಿ ಗೆದ್ದಿದ್ದರು. ರಾಜ್ಯದ ಅರ್ಧ ಜನ ಒಳಗೇ ಇಲ್ಲ. ಇದಕ್ಕಿಂತ ದೊಡ್ಡ ಲೆಕ್ಕ ತಪ್ಪು ಯಾವುದಿದೆ?

ತುಂಗಾತೀರ: "224ರಲ್ಲಿ" ಅಂದಿರಾ? ಕರ್ನಾಟಕ ವಿಧಾನಸಭೆಯ ಸಂಖ್ಯೆ 225. ಮೊದಲು ಅದನ್ನು ಸರಿಯಾಗಿ ಬರೆಯಿರಿ.

ಕೋರ್ಟು ಕಟ್ಟೆ: 225 ಇತ್ತು, ಈಗ ಇಲ್ಲ. ಆ ಒಂದು ಸ್ಥಾನ ಆಂಗ್ಲೋ ಇಂಡಿಯನ್ ನಾಮಕರಣದ್ದು, ಅಂದರೆ ಆ ಸಮುದಾಯದ ಒಬ್ಬರನ್ನು ಚುನಾವಣೆ ಇಲ್ಲದೆ ರಾಜ್ಯಪಾಲರು ನೇಮಿಸುತ್ತಿದ್ದರು. 2018ರ ಸಭೆಯಲ್ಲಿ ವಿನಿಶಾ ನೀರೋ ಇದ್ದರು. ಸಂವಿಧಾನದ 104ನೇ ತಿದ್ದುಪಡಿಯ ನಂತರ, 2020ರ ಜನವರಿಯಿಂದ, ಆ ನಾಮಕರಣವೇ ನಿಂತಿದೆ.

ತುಂಗಾತೀರ: ಶಾಲೆಯಲ್ಲಿ 225 ಅಂತಲೇ ಕಲಿಸಿದ್ದಾರೆ. ಎಷ್ಟೋ ಕಡೆ ಈಗಲೂ ಹಾಗೇ ಬರೆಯುತ್ತಾರೆ.

ಕೋರ್ಟು ಕಟ್ಟೆ: ಎಷ್ಟೋ ಕಡೆ ಹಳೆಯದನ್ನೇ ಬರೆಯುತ್ತಾರೆ. ಸಂವಿಧಾನ ಅದಕ್ಕೆ ಕಾಯುವುದಿಲ್ಲ.

ಬೆಣ್ಣೆನಗರಿ: ನಾಮಕರಣದ ಸದಸ್ಯರಿಗೆ ಓಟೇ ಇರಲಿಲ್ಲ, ಅಲ್ವಾ? ಹಾಗಿದ್ದರೆ ಅವತ್ತೂ ಲೆಕ್ಕ 224 ತಾನೇ?

ಕೋರ್ಟು ಕಟ್ಟೆ: ಇದೂ ತಪ್ಪು. ಸದನದ ಒಳಗೆ ಓಟು ಇತ್ತು. ರಾಷ್ಟ್ರಪತಿ ಚುನಾವಣೆಯಲ್ಲಿ, ರಾಜ್ಯಸಭೆ ಚುನಾವಣೆಯಲ್ಲಿ ಇರಲಿಲ್ಲ. ಅಲ್ಲಿ ಚುನಾಯಿತರು ಮಾತ್ರ.

ತುಂಗಾತೀರ: ನೋಡಿದಿರಾ, "ಓಟು ಇತ್ತು" ಅಂತ ಅವರೇ ಹೇಳಿದರು. ಅಂದರೆ 225.

ಕೋರ್ಟು ಕಟ್ಟೆ: ಇತ್ತು ಅಂದೆ, ಇದೆ ಅನ್ನಲಿಲ್ಲ! ಪೂರ್ತಿ ಓದುವಷ್ಟು ತಾಳ್ಮೆ ಇಲ್ಲದಿದ್ದರೆ ಚರ್ಚೆಗೆ ಬರಬೇಡಿ.

ಕಬ್ಬಿನ ಗದ್ದೆ: 225 ಇದ್ದರೂ ಬಹುಮತಕ್ಕೆ 113, 224 ಇದ್ದರೂ 113. ಸುಮ್ನೆ ಯಾಕೆ ಕಿತ್ತಾಟ?

ತುಂಗಾತೀರ: ಕಿತ್ತಾಟ ಶುರು ಮಾಡಿದ್ದು ನಾನಲ್ಲ. ತಪ್ಪು ಸಂಖ್ಯೆ ಬರೆದವರು ಬೇರೆ.

ಕಲ್ಯಾಣದವಳು: ನಾನು ಬರೆದದ್ದು ಸರಿಯಾದ ಸಂಖ್ಯೆ. ನನ್ನ ಪ್ರಶ್ನೆಗೆ ಇಲ್ಲಿ ಒಬ್ಬರೂ ಉತ್ತರಿಸಿಲ್ಲ. ಪರಿಶಿಷ್ಟ ಪಂಗಡದ 15 ಮೀಸಲು ಕ್ಷೇತ್ರಗಳಲ್ಲಿ ಬಿಜೆಪಿಗೆ ಒಂದೂ ಬರಲಿಲ್ಲ. 14 ಕಾಂಗ್ರೆಸ್, ಒಂದು ಜೆಡಿಎಸ್. ಆ ಒಂದನ್ನು ಗೆದ್ದವರು ದೇವದುರ್ಗದ ಕರೆಮ್ಮ. ಹೆಣ್ಣುಮಗಳು. ಟಿಕೆಟ್ ಕೊಟ್ಟರೆ ಗೆಲ್ಲುತ್ತಾರೆ.

ತುಂಗಾತೀರ: 10 ಅಂತ ಬರೆದಿರಲ್ಲ, 2024ರ ಸಂಡೂರು ಉಪಚುನಾವಣೆಯಲ್ಲಿ ಅನ್ನಪೂರ್ಣಾ ಗೆದ್ದಿದ್ದಾರೆ. ಅದು ಲೆಕ್ಕಕ್ಕಿಲ್ಲವಾ?

ಕಲ್ಯಾಣದವಳು: 2023ರಲ್ಲಿ ಗೆದ್ದವರು ಅಂತ ಬರೆದಿದ್ದೆ. ಸರಿ, 11 ಅನ್ನಿ. ಸಾಕಾ ಇಷ್ಟು?

ಬೆಣ್ಣೆನಗರಿ: 2023ರಲ್ಲೇ ಮಹಿಳಾ ಮೀಸಲಾತಿಗೆ ಸಂವಿಧಾನ ತಿದ್ದುಪಡಿ ಆಗಿದೆಯಲ್ಲ, ಮೂರನೇ ಒಂದು ಭಾಗ. ಜನಗಣತಿ, ಕ್ಷೇತ್ರ ಮರುವಿಂಗಡಣೆ ಆದ ಮೇಲೆ ಬರುತ್ತದೆ. ಸ್ವಲ್ಪ ತಾಳಿ.

ಕಲ್ಯಾಣದವಳು: ತಾಳಬೇಕಾ? ಟಿಕೆಟ್ ಕೊಡುವುದಕ್ಕೆ ಯಾವ ಜನಗಣತಿ ಬೇಕು? ಮೂರೂ ಪಕ್ಷದವರು ಮುಂದಿನ ಚುನಾವಣೆಗೇ ತಲಾ 75 ಹೆಣ್ಣುಮಕ್ಕಳನ್ನು ನಿಲ್ಲಿಸಬಹುದು. ತಡೆಯುವ ಕಾನೂನು ಒಂದೂ ಇಲ್ಲ.

ತುಂಗಾತೀರ: ಪಕ್ಷಗಳು ಗೆಲ್ಲುವವರನ್ನು ನೋಡುತ್ತವೆ. ಅದರಲ್ಲಿ ತಪ್ಪೇನಿದೆ?

ಕಲ್ಯಾಣದವಳು: ಹರಪನಹಳ್ಳಿಯಲ್ಲಿ ಲತಾ ಮಲ್ಲಿಕಾರ್ಜುನ್ ಅವರಿಗೆ ಕಾಂಗ್ರೆಸ್ ಟಿಕೆಟ್ ಕೊಡಲಿಲ್ಲ. ಪಕ್ಷೇತರರಾಗಿ ನಿಂತು ಗೆದ್ದರು. ಗೆಲ್ಲುವವರು ಯಾರು ಅಂತ ಪಕ್ಷಕ್ಕೆ ಗೊತ್ತಿರಲಿಲ್ಲ, ಜನರಿಗೆ ಗೊತ್ತಿತ್ತು.

ತುಂಗಾತೀರ: ಅವರು ಮಾಜಿ ಉಪಮುಖ್ಯಮಂತ್ರಿ ಎಂ.ಪಿ. ಪ್ರಕಾಶ್ ಅವರ ಮಗಳು. ಅಪ್ಪನ ಹೆಸರಿತ್ತು. ಗೆದ್ದ ಮೇಲೆ ಕಾಂಗ್ರೆಸ್‌ಗೇ ಬೆಂಬಲ ಕೊಟ್ಟರು.

ಕಲ್ಯಾಣದವಳು: ಗಂಡುಮಕ್ಕಳಿಗಾದರೆ ಅಪ್ಪನ ಹೆಸರು ನೋಡಿಯೇ ಟಿಕೆಟ್ ಕೊಡುತ್ತಾರೆ. ಅದನ್ನು ನೀವು ಒಂದು ಸಲವೂ ಕೇಳಿಲ್ಲ.

ಬೆಣ್ಣೆನಗರಿ: ಅಪ್ಪನ ಹೆಸರಿನ ವಿಷಯಕ್ಕೆ ಬಂದರೆ ಬಿಜೆಪಿಯವರು ಯಡಿಯೂರಪ್ಪ ಅವರ ಮಗ ವಿಜಯೇಂದ್ರ ಗೆದ್ದ ಶಿಕಾರಿಪುರದಿಂದಲೇ ಶುರು ಮಾಡಬೇಕು.

ತುಂಗಾತೀರ: ಶಿಕಾರಿಪುರಕ್ಕೆ ಬಂದಿರಾ? ಹಾಗಾದರೆ ಸಿದ್ದರಾಮಯ್ಯ, ಅವರ ಮಗ ಯತೀಂದ್ರ ಇಬ್ಬರೂ ಗೆದ್ದ ವರುಣಾದ ಬಗ್ಗೆಯೂ ಮಾತಾಡೋಣ, ಬನ್ನಿ.