ಆರಾಧನೆಯ ವೇಳೆ ಬಾಗಿಲಲ್ಲಿ ಕಾವಲು: ವಚನದ ಆಧಾರ ಏನು, ಮಾಡುವುದು ಹೇಗೆ?

ಹೊಸ_ಹಿರಿಯ
ಎಲ್ಲರಿಗೂ ಕರ್ತನಲ್ಲಿ ವಂದನೆ. ನಮ್ಮ ಸಭೆಯಲ್ಲಿ ಆರಾಧನೆ ನಡೆಯುವಾಗ ಕಾವಲಿಗೆ ಜನ ನಿಲ್ಲಿಸೋಣ ಎಂಬ ಮಾತು ಬಂದಿದೆ, ಹಿರಿಯರಲ್ಲೇ ಎರಡು ಪಕ್ಷ. ಮತ್ತಾಯ 5:39 ತೆಗೆದು ‘ಇನ್ನೊಂದು ಕೆನ್ನೆ ತೋರಿಸು ಅಂದಮೇಲೆ ಮಾತು ಮುಗಿಯಿತು’ ಅನ್ನುವವರು ಕೆಲವರು. ಲೂಕ 22:36 ತೋರಿಸಿ ‘ಕತ್ತಿ ಕೊಂಡುಕೊಳ್ಳಲು ಸ್ವಾಮಿಯೇ ಹೇಳಿದ್ದಾರಲ್ಲ’ ಅನ್ನುವವರು ಕೆಲವರು. ಬಲ್ಲವರು ತಿಳಿಸಿ.

ವಚನ_ವಿದ್ಯಾರ್ಥಿ
ಸಹೋದರರೇ, ಎರಡೂ ವಚನಗಳ ಮೇಲೆ ಅವು ಹೊರಲಾರದಷ್ಟು ಭಾರ ಹಾಕಿದ್ದಾರೆ. ಮತ್ತಾಯದಲ್ಲಿರುವುದು ಬಲಗೆನ್ನೆಯ ಏಟು. ಎದುರು ನಿಂತವನು ಬಲಗೈಯಿಂದ ಬಲಗೆನ್ನೆಗೆ ಹೊಡೆದರೆ ತಾಗುವುದು ಕೈಯ ಹಿಂಬದಿ, ಅಂದರೆ ಅವಮಾನದ ಏಟು. ಅವಮಾನಕ್ಕೆ ಸೇಡು ಬೇಡ ಎಂಬುದು ಅಲ್ಲಿನ ಮಾತು. ವಿಚಾರಣೆಯಲ್ಲಿ ಏಟು ಬಿದ್ದಾಗ ಯೇಸು ಸ್ವಾಮಿಯೂ ಸುಮ್ಮನಿರದೆ ‘ಯಾಕೆ ಹೊಡೆದೆ’ ಎಂದು ಕೇಳಿದರು (ಯೋಹಾನ 18:23). ಇನ್ನು ಲೂಕದ ಕತ್ತಿ: ಹನ್ನೊಂದು ಶಿಷ್ಯರ ನಡುವೆ ಇದ್ದದ್ದು ಎರಡೇ, ಅಷ್ಟಕ್ಕೇ ‘ಸಾಕು’ ಎಂದರು. ಅದೇ ರಾತ್ರಿ ಪೇತ್ರನು ಮಹಾಯಾಜಕನ ಆಳಾದ ಮಲ್ಕನ ಕಿವಿ ಕತ್ತರಿಸಿದಾಗ ಅವನನ್ನು ತಡೆದು ಕಿವಿಯನ್ನು ವಾಸಿಮಾಡಿದರು. ಇದರಿಂದ ಆಯುಧ ಕೂಡಿಡುವ ಅಪ್ಪಣೆಯನ್ನು ಹೊರಡಿಸಲಾಗದು.

ನನ್ನ ಪ್ರಕಾರ ಚರ್ಚೆ ವಿಮೋಚನಕಾಂಡ 22:2-3ರಿಂದ ಶುರುವಾಗಬೇಕು. ಕನ್ನಹಾಕುವ ಕಳ್ಳನನ್ನು ಕತ್ತಲಲ್ಲಿ ಹೊಡೆದು ಅವನು ಸತ್ತರೆ ರಕ್ತಾಪರಾಧವಿಲ್ಲ. ಸೂರ್ಯ ಹುಟ್ಟಿದ ಮೇಲೆ ಹೊಡೆದು ಕೊಂದರೆ ಇದೆ. ಕತ್ತಲಲ್ಲಿ ಬಂದವನ ಉದ್ದೇಶ ತಿಳಿಯದು, ನೆರವಿಗೆ ಕೂಗಲು ಜನರೂ ಇಲ್ಲ. ಬೆಳಕಿನಲ್ಲಿ ಎರಡೂ ಸಾಧ್ಯ, ಹಾಗಾಗಿ ಬರೀ ಸೊತ್ತಿಗಾಗಿ ಪ್ರಾಣ ತೆಗೆಯುವ ಹಾಗಿಲ್ಲ. 13ನೇ ಶತಮಾನದಲ್ಲಿ ದೇವಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ಇದೇ ಅಳತೆ ಕೊಟ್ಟರು: ಗುರಿ ಜೀವ ಉಳಿಸಿಕೊಳ್ಳುವುದಾಗಿರಲಿ, ಅದಕ್ಕೆ ಬೇಕಾದುದಕ್ಕಿಂತ ಹೆಚ್ಚು ಬಲ ಬಳಸಿದರೆ ತಪ್ಪು. ಅವರಿಗಿಂತ ಮುಂಚಿನ ಸಭಾಪಿತೃ ಅಗಸ್ಟೀನ್ ಇನ್ನೂ ಬಿಗಿ. ತನ್ನ ಜೀವ ಉಳಿಸಿಕೊಳ್ಳಲು ಇನ್ನೊಬ್ಬನನ್ನು ಕೊಲ್ಲುವುದನ್ನು ಪುಬ್ಲಿಕೋಲ ಎಂಬವನಿಗೆ ಬರೆದ ಪತ್ರದಲ್ಲಿ ಅವರು ಒಪ್ಪುವುದಿಲ್ಲ. ಇತರರ ಪರವಾಗಿ ನಿಲ್ಲುವ ಸೈನಿಕ ಅಥವಾ ಅಧಿಕಾರಿಗೆ ಮಾತ್ರ ವಿನಾಯಿತಿ. ಬಲಹೀನರನ್ನು ದುಷ್ಟರ ಕೈಯಿಂದ ಬಿಡಿಸಿರಿ ಎಂದು ಕೀರ್ತನೆ 82:4 ಆಜ್ಞೆಯನ್ನೇ ಕೊಡುತ್ತದೆ. ನಿಮ್ಮ ಹಿರಿಯರು ತಮ್ಮ ಕೆನ್ನೆ ಒಡ್ಡಲಿ, ಸಂಡೇ ಸ್ಕೂಲ್ ಮಗುವಿನ ಕೆನ್ನೆಯನ್ನು ಒಡ್ಡುವ ಅಧಿಕಾರ ಅವರಿಗಿಲ್ಲ.

ಶಾಂತಿಮಾರ್ಗ
ಅಕ್ವಿನಾಸ್ ಒಬ್ಬರೇ ಸಭೆಯ ಪರಂಪರೆಯಲ್ಲ. 1527ರ ಶ್ಲೈಟ್‌ಹೈಮ್ ಒಪ್ಪಂದದಲ್ಲಿ ಅನಾಬ್ಯಾಪ್ಟಿಸ್ಟರು (ನಂಬಿದ ದೊಡ್ಡವರಿಗೆ ಮಾತ್ರ ದೀಕ್ಷಾಸ್ನಾನ ಕೊಡುತ್ತಿದ್ದ ಪಂಗಡದವರು) ಕತ್ತಿಯನ್ನು ಪೂರ್ತಿ ಬಿಟ್ಟರು. 1569ರಲ್ಲಿ ಡಚ್ ವಿಶ್ವಾಸಿ ಡಿರ್ಕ್ ವಿಲ್ಲೆಮ್ಸ್ ತನ್ನನ್ನು ಬೆನ್ನಟ್ಟುತ್ತಿದ್ದವನು ಮಂಜುಗಡ್ಡೆ ಒಡೆದು ನೀರಿಗೆ ಬಿದ್ದಾಗ ಹಿಂದಿರುಗಿ ಎತ್ತಿದ, ಹಾಗೆಯೇ ಸಿಕ್ಕಿಬಿದ್ದು ಸುಡಲ್ಪಟ್ಟ. ಆದರೆ ಗಮನಿಸಿ, ಅವನು ಮೊದಲು ಓಡಿದ್ದ. ತಪ್ಪಿಸಿಕೊಳ್ಳುವುದು ಅಪನಂಬಿಕೆಯಲ್ಲ: ಪೌಲನನ್ನು ದಮಸ್ಕದ ಗೋಡೆಯಿಂದ ಪುಟ್ಟಿಯಲ್ಲಿ ಇಳಿಸಿದರು. ಆದ್ದರಿಂದ ಎಚ್ಚರದ ಕಣ್ಣಿಗೆ ನಮ್ಮ ಕಡೆಯವರದೂ ತಕರಾರಿಲ್ಲ. ಅಪಾಯ ನಿಂತ ಮೇಲೆ ಬೀಳುವ ಒಂದು ಏಟು ಸೇಡೇ, ಸೇಡನ್ನು ದೇವರಿಗೇ ಬಿಡಿರಿ ಎಂದು ರೋಮಾ 12:19 ಆ ದಾರಿಯನ್ನು ಮುಚ್ಚಿಬಿಟ್ಟಿದೆ.

ದ್ವಾರಪಾಲಕ
ಮಾಡುವ ರೀತಿಗೆ ಬರುತ್ತೇನೆ. 1 ಪೂರ್ವಕಾಲವೃತ್ತಾಂತ 9ನೇ ಅಧ್ಯಾಯ ಓದಿ: ದೇವಾಲಯಕ್ಕೆ 212 ದ್ವಾರಪಾಲಕರು, ನಾಲ್ಕು ದಿಕ್ಕು, ಏಳು ದಿನಕ್ಕೊಮ್ಮೆ ಪಾಳಿ, ಬೆಳಿಗ್ಗೆ ಬಾಗಿಲು ತೆರೆಯುವುದೂ ಅವರದೇ ಕೆಲಸ. ಅಂದರೆ ಕಾವಲುಗಾರನೇ ಸ್ವಾಗತಕಾರ. ಕೈಕುಲುಕಿ ಹೆಸರು ಕೇಳುವವನಿಗೆ ಗೊತ್ತಾಗುವಷ್ಟು ಗೋಡೆಗೊರಗಿ ಮುಖ ಗಂಟಿಕ್ಕಿ ನಿಂತವನಿಗೆ ಗೊತ್ತಾಗದು.

ಮುಖ್ಯ ಬಾಗಿಲಲ್ಲಿ ಇಬ್ಬರು, ವಾಹನ ನಿಲ್ಲಿಸುವ ಕಡೆ ಒಬ್ಬ, ಮಕ್ಕಳ ಕೋಣೆಯ ಹೊರಗೆ ಒಬ್ಬ. ಪ್ರಾರ್ಥನೆಯಲ್ಲಿ ಎಲ್ಲರೂ ಕಣ್ಣು ಮುಚ್ಚಿದಾಗ ಇವರು ತೆರೆದೇ ಇರಬೇಕು. ಇದನ್ನು ಸಭೆಗೆ ಮುಂಚೆಯೇ ಹೇಳಿಬಿಡಿ, ಭಕ್ತಿಯಿಲ್ಲ ಎಂಬ ದೂರು ಬರುವುದಿಲ್ಲ. ಮಕ್ಕಳ ಕೋಣೆಯೊಳಗೆ ಯಾವಾಗಲೂ ಇಬ್ಬರು ದೊಡ್ಡವರು, ಅವರು ಗಂಡ-ಹೆಂಡತಿ ಆಗಿರಬಾರದು. ಮಗುವಿಗೊಂದು ಚೀಟಿ, ತಂದೆತಾಯಿಗೆ ಅದೇ ಸಂಖ್ಯೆಯ ಚೀಟಿ; ಹೊಂದದೆ ಮಗುವನ್ನು ಬಿಡುವಂತಿಲ್ಲ, ಪಾಸ್ಟರ ಮಗುವಾದರೂ.

ಹೆಚ್ಚಾಗಿ ಕೆಡುವುದು ಹಿಂಬಾಗಿಲಲ್ಲಿ. ಕಳ್ಳರ ಭಯಕ್ಕೆ ಸರಪಳಿ ಹಾಕಿ ಬೀಗ ಜಡಿಯುತ್ತಾರೆ, ಬೆಂಕಿ ಬಿದ್ದರೆ ಅದೇ ಬೋನು. ಹೊರಗಿನಿಂದ ತೆರೆಯದ, ಒಳಗಿನಿಂದ ತಳ್ಳಿದರೆ ತೆರೆಯುವ ಬಾಗಿಲು ಇರಲಿ.

ಕೂಗಾಡುವವನು ಬಂದರೆ ಎರಡು ತೋಳಿನಷ್ಟು ದೂರದಲ್ಲಿ, ಸ್ವಲ್ಪ ಓರೆಯಾಗಿ ನಿಲ್ಲಿ. ಅಂಗೈ ಕಾಣುವಂತಿರಲಿ, ದನಿ ಅವನಿಗಿಂತ ಕೆಳಗಿರಲಿ, ಒಬ್ಬನೇ ಮಾತಾಡಲಿ. ಹೊರಹೋಗುವ ದಾರಿಗೆ ಅಡ್ಡ ನಿಲ್ಲಬೇಡಿ, ದಾರಿ ಕಾಣದವನು ಮೈಮೇಲೆ ಬೀಳುತ್ತಾನೆ. ಜಗಳಕ್ಕೆ ಹುರುಪಿರುವ ಯುವಕನನ್ನು ಈ ಕೆಲಸಕ್ಕೆ ಆರಿಸಲೇಬೇಡಿ.

ಬೆದರಿಕೆಯ ಸುಳಿವು ಸಿಕ್ಕರೆ ಅಪೊಸ್ತಲರ ಕೃತ್ಯ 23 ನೋಡಿ. ಪೌಲನನ್ನು ಕೊಲ್ಲಲು 40ಕ್ಕೂ ಹೆಚ್ಚು ಮಂದಿ ಆಣೆಯಿಟ್ಟಿದ್ದರು. ಅವನ ಸೋದರಳಿಯ ಕೇಳಿಸಿಕೊಂಡು ಬಂದು ತಿಳಿಸಿದ, ಪೌಲ ಅವನನ್ನು ರೋಮನ್ ಸೇನೆಯ ಸಹಸ್ರಾಧಿಪತಿಯ ಬಳಿಗೆ ಕಳುಹಿಸಿದ. ಆ ರಾತ್ರಿಯೇ 200 ಸಿಪಾಯಿಗಳು, 70 ಕುದುರೆ ಸವಾರರು, 200 ಭಲ್ಲೆಯವರು ಕಾವಲಿಗೆ ಹೊರಟರು. ಪೌಲ ‘ದೇವರು ನೋಡಿಕೊಳ್ಳುತ್ತಾನೆ’ ಎಂದು ಸುದ್ದಿ ಮುಚ್ಚಿಡಲಿಲ್ಲ. ಬೆದರಿಕೆ ಪತ್ರವನ್ನು ಹರಿಯದೆ ಪೊಲೀಸರಿಗೆ ಕೊಡಿ.

ಹೊಸ_ಹಿರಿಯ
ಬಹಳ ಉಪಕಾರ. ಕಾವಲಿನವರ ಬಳಿ ಆಯುಧ?

ದ್ವಾರಪಾಲಕ
ನಿಮ್ಮಲ್ಲಿನ ಕಾನೂನು ಬೇಡ ಅಂದರೆ ಅಲ್ಲಿಗೇ ಮುಗಿಯಿತು. ಅನುಮತಿ ಇದ್ದರೂ ನಾನು ಬೇಡ ಅನ್ನುತ್ತೇನೆ: ಕಿಕ್ಕಿರಿದ ಜನರಲ್ಲಿ ಗುರಿ ತಪ್ಪಿದ ಗುಂಡಿಗೆ ವಿಶ್ವಾಸಿಯೇ ಸಿಗುತ್ತಾನೆ, ಬಂದ ಪೊಲೀಸರಿಗೆ ಕಾವಲುಗಾರ ಯಾರು, ದಾಳಿಕೋರ ಯಾರು ತಿಳಿಯುವುದಿಲ್ಲ. ಆ ಹಣದಲ್ಲಿ ಟೂರ್ನಿಕೆ ಪಟ್ಟಿ (ರಕ್ತಸ್ರಾವ ತಡೆಯಲು ಬಿಗಿದು ಕಟ್ಟುವ ಪಟ್ಟಿ) ಕೊಂಡು ನಾಲ್ವರಿಗೂ ತರಬೇತಿ ಕೊಡಿಸಿ. ಅದು ಕೈಕಾಲಿಗೆ ಮಾತ್ರ. ಗಾಯಕ್ಕಿಂತ 5ರಿಂದ 7 ಸೆಂ.ಮೀ. ಮೇಲೆ, ಕೀಲು ತಪ್ಪಿಸಿ ಸುತ್ತಿ, ರಕ್ತ ನಿಲ್ಲುವ ತನಕ ಪಟ್ಟಿಯಲ್ಲಿರುವ ಬಿಗಿಯುವ ಕಡ್ಡಿ ತಿರುಗಿಸಬೇಕು. ನೋವಾಗುತ್ತದೆ ಎಂದು ಅರ್ಧಕ್ಕೆ ಬಿಟ್ಟರೆ ರಕ್ತಸ್ರಾವ ಹೆಚ್ಚಾಗುತ್ತದೆ. ಕಟ್ಟಿದ ಸಮಯ ಬರೆದಿಡಿ, ವೈದ್ಯರ ಕೈಗೆ ಸೇರುವವರೆಗೆ ಬಿಚ್ಚಬೇಡಿ.