ಕೀಬೋರ್ಡಿನ ಲೈಟ್ ಹೋಗಿದೆ, ಎಲ್‌ಇಡಿ ಬದಲಿಸಬಹುದಾ? ರಿಪೇರಿಯವರ ಜೊತೆ ಪ್ರಶ್ನೋತ್ತರ

ಪ್ರಶ್ನೆ: ನನ್ನದು 87 ಕೀಗಳ ಮೆಕ್ಯಾನಿಕಲ್ ಕೀಬೋರ್ಡ್. ಬರೀ ಬಿಳಿ ಲೈಟ್, ಬಣ್ಣ ಬದಲಾಗುವ ಮಾದರಿ ಅಲ್ಲ. ವಾರಂಟಿ ಮುಗಿದಿದೆ. ‘ಎ’ ಮತ್ತು ‘ಇ’ ಕೀಗಳ ಲೈಟ್ ಪೂರ್ತಿ ಹೋಗಿದೆ. ‘ಡಬ್ಲ್ಯೂ’ ಒಮ್ಮೆ ಹತ್ತುತ್ತದೆ, ಒಮ್ಮೆ ಇಲ್ಲ. ಟೈಪಿಂಗ್ ಮಾತ್ರ ಸರಿಯಾಗಿದೆ. ಕಾಲೇಜಿನಲ್ಲಿ ಅಷ್ಟಿಷ್ಟು ಸೋಲ್ಡರಿಂಗ್ ಮಾಡಿದ್ದೆ. ನಾನೇ ಎಲ್‌ಇಡಿ ಬದಲಿಸಬಹುದಾ? ಅದಕ್ಕೆ ಸ್ವಿಚ್ಚನ್ನೂ ಕಳಚಬೇಕಾ?

ಉತ್ತರ: ಬದಲಿಸಬಹುದು. ಆದರೆ ಸೋಲ್ಡರಿಂಗ್ ಐರನ್ ಬಿಸಿ ಮಾಡುವ ಮುಂಚೆ ಎಲ್‌ಇಡಿ ನಿಜವಾಗಿಯೂ ಸತ್ತಿದೆಯಾ ನೋಡಿ. ಎಲ್‌ಇಡಿ ಹೋಯಿತು ಅಂತ ನನ್ನ ಟೇಬಲ್‌ಗೆ ಬರುವ ಬೋರ್ಡುಗಳಲ್ಲಿ, ಅದನ್ನು ಕೀಳಲು ಹೋಗಿ ಪ್ಯಾಡ್ (ಕಾಲನ್ನು ಸೋಲ್ಡರ್ ಮಾಡುವ ತಾಮ್ರದ ಜಾಗ) ಕಿತ್ತುಕೊಂಡು ಬಂದವೇ ಜಾಸ್ತಿ.

ಮೊದಲು ಆ ಮೂರು ಕೀಗಳ ಕ್ಯಾಪ್ ತೆಗೆಯಿರಿ. ಸ್ವಿಚ್ಚಿನ ಒಂದು ಬದಿಯಲ್ಲಿ ಸಣ್ಣ ಎಲ್‌ಇಡಿಯ ತಲೆ ಹೊರಗೆ ಕಾಣುತ್ತಿದೆಯಾ? ಹಾಗಿದ್ದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಅದರ ಎರಡು ಕಾಲು ಸ್ವಿಚ್ಚಿನ ಒಳಗಿನ ತೂತುಗಳಲ್ಲಿ ಇಳಿದು ಬೋರ್ಡಿನ ಹಿಂಬದಿಗೆ ಬರುತ್ತವೆ. ಹಿಂದಿನಿಂದ ಸೋಲ್ಡರ್ ಬಿಡಿಸಿದರೆ ಎಲ್‌ಇಡಿ ಮೇಲಿನಿಂದಲೇ ಎದ್ದು ಬರುತ್ತದೆ. ಸ್ವಿಚ್ಚನ್ನು ಮುಟ್ಟುವುದೇ ಬೇಡ. ತಲೆ ಹೊರಗೆ ಕಾಣದೆ, ಸ್ವಿಚ್ಚಿನ ಅಡಿಯಲ್ಲಿ ಬೋರ್ಡಿಗೆ ಚಪ್ಪಟೆಯಾಗಿ ಅಂಟಿಕೊಂಡಿದ್ದರೆ ಅದು ಬೇರೆಯೇ ಕೆಲಸ.

ಈಗ ಕೀಬೋರ್ಡ್ ಆನ್ ಇರುವಾಗಲೇ ‘ಡಬ್ಲ್ಯೂ’ ಎಲ್‌ಇಡಿಯ ತಲೆಯನ್ನು ಹಲ್ಲುಕಡ್ಡಿಯಿಂದ ಮೆಲ್ಲಗೆ ಪಕ್ಕಕ್ಕೆ ಒತ್ತಿ. ಒತ್ತಿದಾಗ ಹತ್ತಿ, ಬಿಟ್ಟಾಗ ಆರಿದರೆ ಹೆಚ್ಚಿನಂಶ ಸೋಲ್ಡರ್ ಬಿರುಕು ಬಿಟ್ಟಿದೆ, ಎಲ್‌ಇಡಿ ಚೆನ್ನಾಗಿದೆ. ಆಮೇಲೆ ಯುಎಸ್‌ಬಿ ಕಿತ್ತು, ಬೋರ್ಡ್ ತೆಗೆದು, ಹಿಂಬದಿಯನ್ನು ಭೂತಗನ್ನಡಿಯಲ್ಲಿ ನೋಡಿ. ಕಾಲಿನ ಸುತ್ತ ಕೂದಲೆಳೆಯಷ್ಟು ಕಪ್ಪು ಉಂಗುರ ಕಾಣಿಸಬಹುದು. ಅಲ್ಲಿಗೆ ಸ್ವಲ್ಪ ಫ್ಲಕ್ಸ್ (ಸೋಲ್ಡರ್ ಚೆನ್ನಾಗಿ ಹರಿದು ಅಂಟಲು ಹಚ್ಚುವ ಪೇಸ್ಟ್) ಹಚ್ಚಿ, ಎರಡು ಸೆಕೆಂಡ್ ಐರನ್ ಇಟ್ಟು ಚೂರು ಹೊಸ ಸೋಲ್ಡರ್ ಕೊಟ್ಟರೆ ಮುಗಿಯಿತು.

‘ಎ’ ಮತ್ತು ‘ಇ’ ಒತ್ತಿದರೂ ಹತ್ತದಿದ್ದರೆ ಎಲ್‌ಇಡಿಯನ್ನೇ ಪರೀಕ್ಷಿಸಿ. ಮಲ್ಟಿಮೀಟರಿನ ಡಯೋಡ್ ಮೋಡ್ ಅನ್ನು ಬಿಳಿ ಎಲ್‌ಇಡಿಯ ಮಟ್ಟಿಗೆ ಪೂರ್ತಿ ನಂಬಬೇಡಿ. ಬಿಳಿ ಮತ್ತು ನೀಲಿಗೆ 3ರಿಂದ 3.4 ವೋಲ್ಟ್ ಬೇಕು. ಅಗ್ಗದ ಮೀಟರುಗಳು ಅಷ್ಟು ಕೊಡುವುದಿಲ್ಲ. ಚೆನ್ನಾಗಿರುವ ಎಲ್‌ಇಡಿಯೂ ಹತ್ತುವುದಿಲ್ಲ, ಅಥವಾ ಸುಮ್ನೆ ಮಂಕಾಗಿ ಮಿನುಗುತ್ತದೆ. ಅದರ ಬದಲು ಹೊಸ ಸಿಆರ್2032 ಬಟನ್ ಸೆಲ್‌ಗೆ ಎರಡು ತುಂಡು ವೈರ್ ಹಿಡಿದು ಕಾಲುಗಳಿಗೆ ಮುಟ್ಟಿಸಿ. ಉರಿಯದಿದ್ದರೆ ವೈರ್ ತಿರುಗಿಸಿ ನೋಡಿ. ಪಕ್ಕದ ಒಳ್ಳೆಯ ಎಲ್‌ಇಡಿಗೂ ಹೀಗೇ ಮಾಡಿ ಹೋಲಿಸಿ. ಸೆಲ್‌ನಲ್ಲಿ ಉರಿದು ಕೀಬೋರ್ಡಿನಲ್ಲಿ ಉರಿಯದಿದ್ದರೆ ತಪ್ಪು ರೆಸಿಸ್ಟರಿನಲ್ಲೋ (ಎಲ್‌ಇಡಿಗೆ ಹೋಗುವ ಕರೆಂಟ್ ಮಿತಿಯಲ್ಲಿಡುವ ಸಣ್ಣ ಭಾಗ) ಬೋರ್ಡಿನ ತಾಮ್ರದ ಗೆರೆಯಲ್ಲೋ ಇದೆ. ಹೊಸ ಎಲ್‌ಇಡಿ ಹಾಕಿದರೂ ಕತ್ತಲೆಯೇ.

ಬದಲಿಸಲೇಬೇಕು ಅಂತಾದರೆ ಕೀಳುವ ಕ್ರಮ ಹೇಳುತ್ತೇನೆ. ಕಂಪನಿ ಸೋಲ್ಡರ್ ಈಗ ಹೆಚ್ಚಾಗಿ ಸೀಸ ಇಲ್ಲದ್ದು. ಅದು ಕರಗಲು ಸುಮಾರು 217 ಡಿಗ್ರಿ ಬೇಕು. ನಮ್ಮ ಹಳೇ 63/37 ಸೋಲ್ಡರ್ (63 ಪಾಲು ತವರ, 37 ಪಾಲು ಸೀಸ) 183ಕ್ಕೇ ಕರಗುತ್ತದೆ. ಹಾಗಾಗಿ ತೆಗೆಯುವ ಜಾಗಕ್ಕೆ ಮೊದಲು ಈ 63/37 ಧಾರಾಳವಾಗಿ ಸೇರಿಸಿ. ಎರಡೂ ಬೆರೆತಾಗ ಕರಗುವುದು ಸುಲಭವಾಗುತ್ತದೆ. ಎಲ್‌ಇಡಿಯ ಎರಡು ಕಾಲಿನ ನಡುವಿನ ಅಂತರ ಕೇವಲ 2.54 ಮಿಲಿಮೀಟರ್. ಎರಡಕ್ಕೂ ಸೇರಿಸಿ ಒಂದೇ ದೊಡ್ಡ ಹನಿ ಮಾಡಿ. ಬೋರ್ಡನ್ನು ಟೇಬಲ್ ಮೇಲೆ ನಿಲ್ಲಿಸಿಕೊಂಡು ಹಿಂದಿನಿಂದ ಐರನ್, ಮುಂದಿನಿಂದ ಚಿಮಟ ಹಿಡಿಯಿರಿ. ಹನಿ ಪೂರ್ತಿ ಕರಗಿ ಹೊಳೆದ ಕ್ಷಣ ಎಲ್‌ಇಡಿ ತಾನೇ ಜಾರಿ ಬರುತ್ತದೆ. ಬಾರದಿದ್ದರೆ ಎಳೆಯಬೇಡಿ. ಇನ್ನೂ ಕರಗಿಲ್ಲ ಅಂತ ಅರ್ಥ.

ಐರನ್ 330ರಿಂದ 350 ಡಿಗ್ರಿ ಸಾಕು. ಒಂದೇ ಜಾಗದಲ್ಲಿ ಮೂರು ನಾಲ್ಕು ಸೆಕೆಂಡಿಗಿಂತ ಜಾಸ್ತಿ ಇಡಬೇಡಿ. ಕಿಟಕಿ ತೆರೆದಿಡಿ, ಕೆಲಸ ಆದಮೇಲೆ ಕೈ ತೊಳೆಯಿರಿ. ಸೀಸದ ವಿಷಯ ಅದು.

ಮತ್ತೆ ಅವರೇ: ತುಂಬಾ ಥ್ಯಾಂಕ್ಸ್. ‘ಡಬ್ಲ್ಯೂ’ ನೀವು ಹೇಳಿದ ಹಾಗೇ ಒತ್ತಿದರೆ ಹತ್ತುತ್ತಿದೆ. ಉಳಿದೆರಡು ಸತ್ತಿವೆ. ಯಾವ ಎಲ್‌ಇಡಿ ತರಲಿ? ಅಂಗಡಿಯಲ್ಲಿ ಸುಮ್ನೆ ‘ಬಿಳಿ ಎಲ್‌ಇಡಿ’ ಅಂದರೆ ಸಾಕಾ?

ಉತ್ತರ: ಸಾಲದು. ಆಕಾರ ನೋಡಿ. ಸಾಮಾನ್ಯವಾಗಿ 3 ಮಿಲಿಮೀಟರಿನ ದುಂಡನೆಯದ್ದು, ಇಲ್ಲವೇ 2×3×4 ಅಳತೆಯ ಚೌಕದ್ದು ಇರುತ್ತದೆ. ಕಿತ್ತದ್ದನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ. ಬೆಂಗಳೂರಿನಲ್ಲಿದ್ದರೆ ಎಸ್‌ಪಿ ರೋಡಿನಲ್ಲಿ ಎರಡೂ ಸಿಗುತ್ತವೆ. ದೊಡ್ಡ ತಲೆನೋವು ಬಣ್ಣ. ಬಿಳಿಯಲ್ಲೇ ಹತ್ತು ಥರ ಇದೆ. ಹಳೆಯದು ನೀಲಿ ಛಾಯೆಯದ್ದು, ಹೊಸದು ಹಳದಿ ಛಾಯೆಯದ್ದು ಆದರೆ ‘ಎ’ ಕೀ ಒಂದೇ ಎದ್ದು ಕಾಣುತ್ತಿರುತ್ತದೆ. ಅದೂ ಅಲ್ಲದೆ ನಿಮ್ಮ ಹಳೇ ಎಲ್‌ಇಡಿಗಳು ಇಷ್ಟು ವರ್ಷ ಉರಿದು ಮಂಕಾಗಿರುತ್ತವೆ.

ಇದಕ್ಕೆ ನಾನು ಮಾಡುವ ಉಪಾಯ ಇದು: ಸ್ಕ್ರಾಲ್ ಲಾಕ್ ಮತ್ತು ಪಾಜ್ (Pause) ಕೀಗಳ ಎಲ್‌ಇಡಿ ಕಿತ್ತು ‘ಎ’, ‘ಇ’ ಗೆ ಹಾಕಿ, ಹೊಸವನ್ನು ಅಲ್ಲಿಗೆ ಹಾಕುತ್ತೇನೆ. ಸ್ಕ್ರಾಲ್ ಲಾಕ್ ಯಾವ ಬಣ್ಣದಲ್ಲಿ ಉರಿದರೆ ಯಾರಿಗೇನು?

ಹೊಸ ಎಲ್‌ಇಡಿಯ ಉದ್ದ ಕಾಲು ಪ್ಲಸ್. ಹಳೆಯದಕ್ಕೆ ಎರಡೂ ಕಾಲು ಕತ್ತರಿಸಿರುತ್ತದೆ, ಬಟನ್ ಸೆಲ್‌ನಿಂದ ಪ್ಲಸ್ ಕಂಡುಹಿಡಿದು ಮಾರ್ಕರಿನಲ್ಲಿ ಚುಕ್ಕೆ ಇಡಿ. ಬೋರ್ಡಿನಲ್ಲಿ ಒಂದು ಪ್ಯಾಡ್ ಚೌಕ, ಇನ್ನೊಂದು ದುಂಡಗೆ ಇರಬಹುದು. ಚೌಕ ಅಂದರೆ ಪ್ಲಸ್ ಅಂತ ಕೆಲವರು ಹೇಳುತ್ತಾರೆ, ಎಲ್ಲ ಕಂಪನಿಯವರೂ ಹಾಗೆ ಮಾಡುವುದಿಲ್ಲ. ಕೀಳುವ ಮೊದಲು ಪಕ್ಕದ ಎಲ್‌ಇಡಿ ಯಾವ ಕಡೆಗಿದೆ ನೋಡಿ ಫೋಟೋ ತೆಗೆದಿಡಿ.

ಕೂರಿಸುವಾಗ ಮೊದಲು ಒಂದೇ ಕಾಲಿಗೆ ಸೋಲ್ಡರ್ ಹಾಕಿ. ಕೀಕ್ಯಾಪ್ ಇಟ್ಟು ಪೂರ್ತಿ ಒತ್ತಿ ನೋಡಿ. ಎಲ್‌ಇಡಿ ಅರ್ಧ ಮಿಲಿಮೀಟರ್ ಮೇಲೆದ್ದಿದ್ದರೂ ಕ್ಯಾಪ್ ತಗುಲಿ ‘ಟಕ್’ ಅನ್ನುತ್ತದೆ. ಸರಿ ಇದ್ದರೆ ಇನ್ನೊಂದು ಕಾಲು. ಲೈಟ್ ಹತ್ತಿದ ಮೇಲಷ್ಟೇ ಕಾಲು ಕತ್ತರಿಸಿ.

ಇನ್ನೊಬ್ಬರು: ನಾನು ಇದನ್ನೇ ಮಾಡಲು ಹೋಗಿ ಸಿಕ್ಕಿಹಾಕಿಕೊಂಡಿದ್ದೇನೆ. ಎಲ್‌ಇಡಿ ಬಂತು, ಆದರೆ ತೂತಿನಲ್ಲಿ ಸೋಲ್ಡರ್ ಉಳಿದುಬಿಟ್ಟಿದೆ. ಕರಗಿದ ಸೋಲ್ಡರ್ ಹೀರುವ ಪಂಪ್ ಹಾಕಿದರೂ ಬರುತ್ತಿಲ್ಲ. ಇನ್ನೊಂದು ಕೀಯಲ್ಲಿ ತಾಮ್ರದ ರಿಂಗೇ ಎದ್ದು ಬಂದಿದೆ.

ಉತ್ತರ: ತೂತಿಗೆ ಇನ್ನಷ್ಟು ಸೋಲ್ಡರ್ ತುಂಬಿ, ಆಮೇಲೆ ಪಂಪ್ ಹಾಕಿ. ವಿಚಿತ್ರ ಅನ್ನಿಸಬಹುದು. ಆದರೆ ತೂತಿನೊಳಗೆ ಚೂರೇ ಉಳಿದಿದ್ದರೆ ಬಿಸಿ ಸರಿಯಾಗಿ ಇಳಿಯುವುದಿಲ್ಲ, ಪಂಪಿಗೂ ಎಳೆಯಲು ಏನೂ ಸಿಗುವುದಿಲ್ಲ. ಆಗಲೂ ಬಾರದಿದ್ದರೆ ಹೊಸ ಎಲ್‌ಇಡಿಯ ಕಾಲನ್ನು ತೂತಿನ ಬಾಯಿಗಿಟ್ಟು ಹಿಂದಿನಿಂದ ಬಿಸಿ ಮಾಡಿ, ಕರಗಿದ ಹಾಗೆ ತಾನೇ ಒಳಗೆ ಹೋಗುತ್ತದೆ. ಸೂಜಿ, ಡ್ರಿಲ್ ಯಾವುದೂ ಬೇಡ. ತೂತಿನ ಒಳಗೋಡೆಗೂ ತಾಮ್ರ ಇರುತ್ತದೆ, ಅದು ಕೆರೆದುಹೋದರೆ ಮೇಲಿನ ಪದರದ ಸಂಪರ್ಕವೇ ಕಡಿದುಹೋಗುತ್ತದೆ.

ರಿಂಗ್ ಎದ್ದಿರುವ ಕಡೆ ಗಾಬರಿ ಬೇಡ. ಆ ಪ್ಯಾಡಿನಿಂದ ಗೆರೆ ಎಲ್ಲಿಗೆ ಹೋಗುತ್ತಿತ್ತು ಅಂತ ಹಿಂಬಾಲಿಸಿ. ಹೆಚ್ಚಾಗಿ ಹತ್ತಿರದ ರೆಸಿಸ್ಟರಿಗೋ ಪಕ್ಕದ ಎಲ್‌ಇಡಿ ಕಾಲಿಗೋ ಇರುತ್ತದೆ. ಮೀಟರಿನ ಬೀಪ್ ಮೋಡಿನಲ್ಲಿ ಖಚಿತ ಮಾಡಿಕೊಂಡು, ಎನಾಮಲ್ ಲೇಪದ ತೆಳು ತಾಮ್ರದ ತಂತಿಯಿಂದ ಎಲ್‌ಇಡಿಯ ಕಾಲನ್ನು ಅಲ್ಲಿಗೇ ಜೋಡಿಸಿ. ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಫ್ಲಕ್ಸ್ ಒರೆಸಿ.

ಪ್ರಶ್ನೆ: ಬಿಳಿ ನೋಡಿ ನೋಡಿ ಸಾಕಾಗಿದೆ. ಎಲ್ಲ 87 ಕೀಗೂ ಕೆಂಪು ಎಲ್‌ಇಡಿ ಹಾಕೋಣ ಅಂತಿದ್ದೇನೆ. ನನ್ನ ಬೋರ್ಡಿನಲ್ಲಿ ಪ್ರತಿ ಎಲ್‌ಇಡಿಗೂ 470 ಓಮ್ ರೆಸಿಸ್ಟರ್ ಇದೆ. ಹಾಗೇ ಹಾಕಿದರೆ ನಡೆಯುತ್ತದಾ?

ಉತ್ತರ: ಹತ್ತುತ್ತದೆ. ಆದರೆ ಲೆಕ್ಕ ಮಾಡಿ ನೋಡಿ. ಯುಎಸ್‌ಬಿಯಿಂದ 5 ವೋಲ್ಟ್ ಬರುತ್ತದೆ. ಬಿಳಿ ಎಲ್‌ಇಡಿ 3.2 ವೋಲ್ಟ್ ತಿಂದರೆ ರೆಸಿಸ್ಟರಿಗೆ ಉಳಿಯುವುದು 1.8. ಅದನ್ನು 470ರಿಂದ ಭಾಗಿಸಿ, ಸುಮಾರು 3.8 ಮಿಲಿಆಂಪ್. 87 ಕೀಗೆ ಸುಮಾರು 333 ಮಿಲಿಆಂಪ್. ಕೆಂಪು ತಿನ್ನುವುದು 2 ವೋಲ್ಟ್ ಅಷ್ಟೇ. ಉಳಿದ 3 ವೋಲ್ಟಿಗೆ 6.4 ಮಿಲಿಆಂಪ್ ಹರಿಯುತ್ತದೆ. ಒಟ್ಟು ಸುಮಾರು 555. ಯುಎಸ್‌ಬಿ 2.0 ಪೋರ್ಟಿನ ಮಿತಿ 500 ಮಿಲಿಆಂಪ್. ಪೂರ್ತಿ ಬೆಳಕಿನಲ್ಲಿ ಇಟ್ಟರೆ ಕೀಬೋರ್ಡ್ ಆಗಾಗ ಕಂಪ್ಯೂಟರಿನಿಂದ ಕಳಚಿಕೊಳ್ಳಬಹುದು. ಆಗ ಕೇಬಲ್ ಹಾಳಾಗಿದೆ ಅಂದುಕೊಂಡು ಕೇಬಲ್ ಬದಲಿಸುತ್ತಾ ಕೂರುತ್ತೀರಿ.

820 ಓಮ್ ರೆಸಿಸ್ಟರ್ ಹಾಕಿದರೆ ಕೆಂಪು ಕೂಡ ಮೊದಲಿನಷ್ಟೇ ಕರೆಂಟ್ ಎಳೆಯುತ್ತದೆ. ಆದರೆ 87 ಎಲ್‌ಇಡಿ, 87 ಅಕ್ಕಿಕಾಳಿಗಿಂತ ಚಿಕ್ಕ ರೆಸಿಸ್ಟರ್... ಸಮಯ ಇದ್ದವರ ಕೆಲಸ. ನನ್ನನ್ನು ಕೇಳಿದರೆ ಬೇಡ ಅಂತೀನಿ. ಕೆಂಪು ಲೈಟಿನ ಕೀಬೋರ್ಡೇ ಕೊಳ್ಳಿ.

ಇನ್ನೊಂದು ಮಾತು. ಕೆಲವು ಬೋರ್ಡುಗಳಲ್ಲಿ ಹಲವು ಎಲ್‌ಇಡಿಗೆ ಸೇರಿ ಒಂದೇ ರೆಸಿಸ್ಟರ್ ಇರುತ್ತದೆ. ಅಂಥ ಕಡೆ ಬಿಳಿಗಳ ನಡುವೆ ಅಂದಕ್ಕೆ ಒಂದು ಕೆಂಪು ಹಾಕಿದರೆ ಕೆಂಪು ಮಾತ್ರ ಉರಿಯುತ್ತದೆ, ಜೊತೆಯ ಬಿಳಿಗಳೆಲ್ಲ ಆರಿಹೋಗುತ್ತವೆ. ವೋಲ್ಟೇಜ್ 2ರ ಹತ್ತಿರವೇ ನಿಂತುಬಿಡುತ್ತದಲ್ಲ, ಬಿಳಿಗೆ ಅದು ಸಾಲುವುದಿಲ್ಲ.

ಪ್ರಶ್ನೆ: ನನ್ನದು ಆರ್‌ಜಿಬಿ, ಅಂದರೆ ಬಣ್ಣ ಬದಲಾಗುವ ಮಾದರಿ. ‘ಜಿ’ ಕೀಯಿಂದ ಆಚೆಗೆ ಒಂದರ ನಂತರ ಒಂದು ಎಲ್ಲವೂ ಆಫ್. ಇಷ್ಟು ಎಲ್‌ಇಡಿ ಒಟ್ಟಿಗೆ ಸಾಯುತ್ತವಾ?

ಉತ್ತರ: ಇಲ್ಲ, ಸತ್ತಿರುವುದು ಒಂದೇ ಇರಬೇಕು. ನಿಮ್ಮದು ಡಬ್ಲ್ಯೂಎಸ್2812 ಅಥವಾ ಎಸ್‌ಕೆ6812 ಜಾತಿಯದ್ದು ಅನ್ನಿಸುತ್ತದೆ. ಇವುಗಳ ಒಳಗೇ ಒಂದು ಪುಟ್ಟ ಚಿಪ್ ಇದೆ. ನಾಲ್ಕು ಕಾಲು: ಪ್ಲಸ್, ಮೈನಸ್, ಡೇಟಾ ಒಳಗೆ, ಡೇಟಾ ಹೊರಗೆ. ಪ್ರತಿಯೊಂದೂ ತನ್ನ ಪಾಲಿನ ಡೇಟಾ ಇಟ್ಟುಕೊಂಡು ಉಳಿದದ್ದನ್ನು ಮುಂದಿನದಕ್ಕೆ ಕಳಿಸುತ್ತದೆ. ದೀಪಾವಳಿಯ ಹಳೇ ಸೀರಿಯಲ್ ಸೆಟ್ ನೆನಪಿದೆಯಾ? ಅದರಲ್ಲಿ ಒಂದು ಬಲ್ಬ್ ಹೋದರೆ ಇಡೀ ಸಾಲು ಹೋಗುತ್ತಿತ್ತು. ಇಲ್ಲಿ ಕೆಟ್ಟದ್ದರಿಂದ ಮುಂದಿನವು ಮಾತ್ರ ಹೋಗುತ್ತವೆ. ಹಾಗಾಗಿ ಹತ್ತದೆ ಇರುವ ಮೊದಲನೆಯದು, ಅಥವಾ ಹತ್ತುತ್ತಿರುವ ಕೊನೆಯದು, ಈ ಎರಡರಲ್ಲೇ ಕಳ್ಳ ಇದ್ದಾನೆ. ಕೊನೆಯದು ತಾನು ಚೆನ್ನಾಗಿ ಉರಿಯುತ್ತಲೇ ಮುಂದಕ್ಕೆ ಡೇಟಾ ಬಿಡದೆ ಇರಬಹುದು. ಎರಡರ ಕಾಲುಗಳಿಗೂ ಫ್ಲಕ್ಸ್ ಹಾಕಿ ಒಮ್ಮೆ ಸೋಲ್ಡರ್ ಕರಗಿಸಿ ನೋಡಿ, ಎಷ್ಟೋ ಸಲ ಅಷ್ಟರಲ್ಲೇ ಮುಗಿಯುತ್ತದೆ.

ಬದಲಿಸುವುದಾದರೆ ಇವು ಬಿಸಿ ತಡೆಯುವುದಿಲ್ಲ ಅಂತ ನೆನಪಿಡಿ. ಐರನ್ 300ರ ಒಳಗೆ ಇರಲಿ. ಒಂದು ಕಾಲು ಮುಗಿಸಿ, ಆರಲು ಬಿಟ್ಟು, ಇನ್ನೊಂದಕ್ಕೆ ಹೋಗಿ. ತಿರುಗಿಸಿ ಕೂರಿಸಿದರೆ ಪ್ಲಸ್ ಮೈನಸ್ ಅದಲುಬದಲಾಗಿ ಸುಟ್ಟೇ ಹೋಗುತ್ತದೆ. ಕತ್ತರಿಸಿದ ಮೂಲೆಯ ಗುರುತು ನೋಡಿಕೊಳ್ಳಿ.

ಒಂದರ ನಂತರ ಒಂದಲ್ಲದೆ, ಒಂದು ಇಡೀ ಅಡ್ಡಸಾಲೋ ಲಂಬಸಾಲೋ ಹೋಗಿದ್ದರೆ ಮಾತ್ರ ಕಥೆ ಬೇರೆ. ಅದು ಮ್ಯಾಟ್ರಿಕ್ಸ್ ಬೋರ್ಡ್, ಅಂದರೆ ಎಲ್‌ಇಡಿಗಳನ್ನು ಅಡ್ಡಸಾಲು, ಲಂಬಸಾಲುಗಳಲ್ಲಿ ಜೋಡಿಸಿದ್ದು. ಅಲ್ಲಿ ಅನುಮಾನ ಡ್ರೈವರ್ ಚಿಪ್ ಅಥವಾ ಟ್ರಾನ್ಸಿಸ್ಟರ್ ಮೇಲೆ.

ಪ್ರಶ್ನೆ: ನನ್ನದು ಹಾಟ್‌ಸ್ವಾಪ್, ಸೋಲ್ಡರ್ ಬಿಡಿಸದೆ ಸ್ವಿಚ್ ಕಿತ್ತು ಹಾಕಬಹುದಾದ ಮಾದರಿ. ಹಾಗಾದರೆ ಎಲ್‌ಇಡಿಯೂ ಸುಮ್ನೆ ಕಿತ್ತು ಹಾಕಬಹುದು ಅಲ್ವಾ?

ಉತ್ತರ: ಇಲ್ಲ. ಸಾಕೆಟ್ ಇರುವುದು ಸ್ವಿಚ್ಚಿಗೆ. ಎಲ್‌ಇಡಿ ಬೋರ್ಡಿಗೇ ಅಂಟಿರುತ್ತದೆ. ಸ್ವಿಚ್ ಸುಲಭವಾಗಿ ಬರುವುದರಿಂದ ಎಲ್‌ಇಡಿ ಕೈಗೆ ಸಿಗುತ್ತದೆ, ಅಷ್ಟು ಲಾಭ.

ಪ್ರಶ್ನೆ: ವೈರ್‌ಲೆಸ್ ಕೀಬೋರ್ಡ್ ಬಿಚ್ಚುವಾಗ ಏನಾದರೂ ಬೇರೆ ಎಚ್ಚರಿಕೆ?

ಉತ್ತರ: ಬಿಚ್ಚಿದ ತಕ್ಷಣ ಲಿಥಿಯಂ ಬ್ಯಾಟರಿಯ ಕನೆಕ್ಟರ್ ಕಳಚಿ, ಬ್ಯಾಟರಿಯನ್ನು ದೂರ ಇಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಉಬ್ಬಿದ ಬ್ಯಾಟರಿ ಕಂಡರೆ ಲೈಟಿನ ಕೆಲಸ ಅಲ್ಲಿಗೇ ನಿಲ್ಲಿಸಿ.

ಪ್ರಶ್ನೆ: ಕೀಗಳ ಮೇಲೆ ಕನ್ನಡ ಅಕ್ಷರದ ಸ್ಟಿಕರ್ ಅಂಟಿಸಿದ ಮೇಲೆ ಲೈಟ್ ತುಂಬಾ ಕಡಿಮೆ ಆಗಿದೆ. ಜಾಸ್ತಿ ಬೆಳಕಿನ ಎಲ್‌ಇಡಿ ಹಾಕಿದರೆ ಸರಿಹೋಗುತ್ತದಾ?

ಉತ್ತರ: ಎಲ್‌ಇಡಿಯ ತಪ್ಪಲ್ಲ ಅದು. ಕ್ಯಾಪಿನಲ್ಲಿ ಬೆಳಕು ಬರುವುದು ಅಕ್ಷರದ ಆಕಾರದ ಪಾರದರ್ಶಕ ಜಾಗದಿಂದ ಮಾತ್ರ. ನೀವು ಅದರ ಮೇಲೇ ಸ್ಟಿಕರ್ ಮುಚ್ಚಿದ್ದೀರಿ. ಎಷ್ಟು ಪ್ರಖರ ಎಲ್‌ಇಡಿ ಹಾಕಿದರೂ ಬೆಳಕು ಕ್ಯಾಪಿನ ಸಂದಿಯಿಂದ ಸೋರುತ್ತದೆ ಅಷ್ಟೇ. ಹಿನ್ನೆಲೆ ಪಾರದರ್ಶಕ ಇರುವ ಸ್ಟಿಕರ್ ಸಿಗುತ್ತವೆ. ಅದನ್ನು ಅಕ್ಷರದ ಪಕ್ಕದ ಖಾಲಿ ಮೂಲೆಗೆ ಬರುವ ಹಾಗೆ ಅಂಟಿಸಿ. ನುಡಿ ಲೇಔಟಿನಲ್ಲಿ ಟೈಪ್ ಮಾಡುವವರಾದರೆ ಸ್ಟಿಕರೇ ಬೇಡ. ‘ಕ’ ಬೇಕಿದ್ದರೆ ‘ಕೆ’, ‘ಮ’ ಬೇಕಿದ್ದರೆ ‘ಎಂ’, ಎರಡು ವಾರದಲ್ಲಿ ಕೈಗೆ ಕೂರುತ್ತದೆ.

ಪ್ರಶ್ನೆ: ಇಷ್ಟೆಲ್ಲ ಓದಿ ಹೆದರಿಕೆ ಆಯಿತು. ಅಂಗಡಿಗೆ ಕೊಡುವುದಾದರೆ ಏನು ಕೇಳಬೇಕು? ನಮ್ಮೂರಿನಲ್ಲಿ ಮೊಬೈಲ್ ರಿಪೇರಿಯವರು ಮಾತ್ರ ಇದ್ದಾರೆ.

ಉತ್ತರ: ಮೊಬೈಲ್ ರಿಪೇರಿಯವರೇ ಸಾಕು. ಅವರ ಕೈ ಇದಕ್ಕಿಂತ ಸಣ್ಣ ಕೆಲಸಕ್ಕೆ ಪಳಗಿರುತ್ತದೆ. ಕೀಕ್ಯಾಪ್‌ಗಳನ್ನೂ ಸ್ಕ್ರೂಗಳನ್ನೂ ನೀವೇ ಬಿಚ್ಚಿ ಬರೀ ಬೋರ್ಡ್ ತೆಗೆದುಕೊಂಡು ಹೋಗಿ, ಚಾರ್ಜ್ ಕಡಿಮೆ ಆಗುತ್ತದೆ. ಸ್ಪೇಸ್ ಬಾರಿನ ಕೆಳಗೆ ತಂತಿಯ ಕೊಕ್ಕೆ ಇರಬಹುದು, ಒಂದೇ ಬದಿಯಿಂದ ಎಳೆಯಬೇಡಿ. ಕೆಟ್ಟ ಎಲ್‌ಇಡಿಯ ಹಿಂಬದಿಗೆ ಮಾರ್ಕರಿನಲ್ಲಿ ಸುತ್ತು ಹಾಕಿ ಕೊಡಿ. ಹಾಟ್ ಏರ್ ಗನ್ ಹಿಡಿದರೆ ಮಾತ್ರ ತಡೆಯಿರಿ. ಕಾಲಿರುವ ಎಲ್‌ಇಡಿಗೆ ಐರನ್ ಸಾಕು, ಬಿಸಿಗಾಳಿಗೆ ಸ್ವಿಚ್ಚಿನ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಮತ್ತೆ, ಅಲ್ಲೇ ಯುಎಸ್‌ಬಿ ಹಾಕಿ ಲೈಟೂ ನೋಡಿ, ಆ ಕೀ ಟೈಪ್ ಆಗುತ್ತದಾ ಅಂತಲೂ ನೋಡಿ, ಆಮೇಲೆ ದುಡ್ಡು ಕೊಡಿ.