ಸಹಾಯ ಬೇಕು: ಆಲ್ ವೀಲ್ ಡ್ರೈವ್ ಕಾರಿಗೆ ಹಿಂದೆ ಮಾತ್ರ ಅಗಲದ ಟೈರ್ ಹಾಕಬಹುದಾ?

ನಮಸ್ಕಾರ. ನನ್ನದು ಸೆಕೆಂಡ್ ಹ್ಯಾಂಡ್ ಬಿಎಂಡಬ್ಲ್ಯೂ ಎಕ್ಸ್3 ಎಕ್ಸ್‌ಡ್ರೈವ್ (ಅಂದರೆ ನಾಲ್ಕೂ ಚಕ್ರಕ್ಕೆ ಪವರ್ ಹೋಗುವ ಆಲ್ ವೀಲ್ ಡ್ರೈವ್). ಈಗ ನಾಲ್ಕಕ್ಕೂ 245/50 ಆರ್19 ಟೈರ್ ಇದೆ (ಅಗಲ 245 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅಗಲದ 50%, ರಿಮ್ 19 ಇಂಚು). 20 ಇಂಚಿನ ಅಲಾಯ್ ಸೆಟ್ ಒಂದು ಸಿಕ್ಕಿದೆ, ಹಿಂದಿನ ಎರಡು ಅಗಲ ಜಾಸ್ತಿ.

ಟೈರ್ ಅಂಗಡಿಯವರು "ಮುಂದೆ 245/45, ಹಿಂದೆ 275/45 ಹಾಕಿಸಿ ಸಾರ್, ಲುಕ್ ಸೂಪರ್" ಅಂದರು. ಮನೆಗೆ ಬಂದು ಲೆಕ್ಕ ಹಾಕಿದೆ. ಮುಂದಿನದರ ವ್ಯಾಸ 728.5 ಮಿ.ಮೀ., ಹಿಂದಿನದು 755.5! ನೇರ ರಸ್ತೆಯಲ್ಲೂ ಮುಂದಿನ ಚಕ್ರ ಜಾಸ್ತಿ ಸುತ್ತು ಹಾಕುತ್ತದೆ. ಟ್ರಾನ್ಸ್‌ಫರ್ ಕೇಸಿನ (ಎಂಜಿನ್ ಪವರನ್ನು ಹಿಂದೆ ಮುಂದೆ ಹಂಚುವ ಭಾಗ) ಕ್ಲಚ್ ಸುಮ್ನೆ ಉಜ್ಜಿ ಉಜ್ಜಿ ಬಿಸಿಯಾಗುತ್ತದೆ ಅಲ್ವಾ? ಹಿಂದೆ 275/40 ಆದರೆ 728, ಅರ್ಧ ಮಿ.ಮೀ. ವ್ಯತ್ಯಾಸ ಅಷ್ಟೇ. ಅದನ್ನೇ ಹಾಕಿಸುವ ಮನಸ್ಸಿದೆ.

ಇನ್ನೊಂದು ತಲೆನೋವು. ಅಲಾಯ್ ಜೊತೆ ಬರುವ ಮುಂದಿನ ಟೈರ್ ಜೋಡಿ ಬಳಸಿದ್ದು, ಟ್ರೆಡ್ (ರಸ್ತೆಗೆ ತಾಗುವ ರಬ್ಬರಿನ ಗೀರುಗಳ ಆಳ) 4 ಮಿ.ಮೀ. ಉಳಿದಿದೆ. ಹಿಂದಿನದು ಹೊಸದು, 8 ಮಿ.ಮೀ. ಅಲ್ಲಿಗೆ ವ್ಯಾಸದಲ್ಲಿ ಮತ್ತೆ 8 ಮಿ.ಮೀ. ಹೆಚ್ಚುಕಡಿಮೆ. ಇದನ್ನು ಕಾರು ತಡೆಯುತ್ತದಾ, ಇಲ್ಲಾ ನಾಲ್ಕೂ ಹೊಸದೇ ತಗೊಳ್ಳಬೇಕಾ? (ಹೆಂಡತಿಗೆ ಇನ್ನೂ ರೇಟ್ ಹೇಳಿಲ್ಲ.)

ಮಳೆಗಾಲದಲ್ಲಿ ಶಿರಾಡಿ ಘಾಟಿ ಓಡಾಟ ಜಾಸ್ತಿ. ಈ ಸೈಜ್ ಹಾಕಿ ಓಡಿಸಿದವರು ಇದ್ದರೆ ದಯವಿಟ್ಟು ತಿಳಿಸಿ. ಶನಿವಾರ ಅಡ್ವಾನ್ಸ್ ಕೊಡಬೇಕು.